‘ಗ’ ಮೊದಲೋ, ‘ನೀ’ ಮೊದಲೋ

“ನನ್ನ ಕೈ ತಪ್ಪಿಲ್ರಿ ಪುಷ್ಪಕ್ಕಾರ. ಬ್ಯಾಡಗಿ ಒಳಗ ಯಾರನ್ನ ಬೇಕಾದ್ರೂ ಕೇಳ್ರಿ. ಮೌಲಾಸಾಬನ ಕೈ ತಪ್ಪಂಗಿಲ್ಲ!”

ಮೌಲಾಸಾಬರು ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಕುಕ್ಕಿದ ರಭಸಕ್ಕೆ ನನ್ನ ಚಹಾದ ಗ್ಲಾಸು ಉರುಳಿ ಬಿತ್ತು. ಬೀಳಲಿ. ಕಾಲು ಗಂಟೆಯಿಂದ ಅವರ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ, ಅವರು ಒಂದೇ ಉತ್ತರ ಕೊಡುತ್ತಿದ್ದರು.

“ಕೈ ತಪ್ಪಿಲ್ಲ ಅಂದ್ರ ‘ನೀ ಗ’ ಅಂತ ಬರಬೇಕಾದದ್ದು ‘ಗ ನೀ’ ಅಂತ ಹೆಂಗ ಬಂತ್ರಿ ಸಾಬ್ರ?”

ಈ ಎರಡು ಅಕ್ಷರಗಳಿಗೆ ಒಬ್ಬ ಹೆಂಗಸಿನ ಮಾನ ನೇತಾಡುತ್ತಿತ್ತು. ಕಾಗಿನೆಲೆಯ ನೀಲಗಂಗವ್ವ ತನ್ನ ಇಪ್ಪತ್ನಾಲ್ಕು ಜೇನುಪೆಟ್ಟಿಗೆಗಳನ್ನು ಹೂವಿನ ಹಂಗಾಮಿಗೆಂದು ಹಲಗೇರಿಯ ಸೂರ್ಯಕಾಂತಿ ಹೊಲದಲ್ಲಿ ಇಟ್ಟಿದ್ದಳು. ಹಂಗಾಮು ಮುಗಿದು ವಾಪಸು ತರಲು ಹೋದರೆ, ಹೊಲದ ಧಣಿ ಗದಿಗೆಪ್ಪ ನೀರಲಗಿ ಅವು ತನ್ನವೇ ಎಂದು ಹೇಳಿ, ಅವಳನ್ನೇ ಕಳ್ಳಿ ಎಂದು ಠಾಣೆಯಲ್ಲಿ ಬರೆಸಿದ್ದ. ಪೆಟ್ಟಿಗೆಗಳ ಮೇಲೆ ಸುಟ್ಟು ಮೂಡಿಸಿದ ಗುರುತು ‘ಗ ನೀ’. ‘ಗ’ ಅಂದರೆ ಗದಿಗೆಪ್ಪ, ‘ನೀ’ ಅಂದರೆ ನೀರಲಗಿಯಂತೆ. ಎಷ್ಟು ಚೆಂದ ಕೂಡಿತು ನೋಡಿ! ಆ ಮನುಷ್ಯ ಜನ್ಮದಲ್ಲಿ ಒಂದು ಜೇನುಹುಳದ ಹತ್ತಿರ ಹೋದವನಲ್ಲ.

ಇವಳಾದರೂ ನೆಟ್ಟಗೆ ಹೇಳಿದಳೇ? ಅದೂ ಇಲ್ಲ. “ಗ ಅಂದ್ರ ನಮ್ಮ ಮನಿಯವರ ಹೆಸರ್ರಿ” ಎಂದು ಫೌಜದಾರರ ಮುಂದೆ ಹೇಳಿಬಿಟ್ಟಿದ್ದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲವಾದ್ದರಿಂದ ಆವತ್ತು ಯಾರೂ ಕೆದಕಲಿಲ್ಲ. ಮರುದಿನ ರೇಶನ್ ಕಾರ್ಡು ತೆಗೆದು ನೋಡಿದರೆ ಗಂಡನ ಹೆಸರು ವಿರೂಪಾಕ್ಷಪ್ಪ. ಅಲ್ಲಿಗೆ ಅವಳು ಆಡಿದ್ದೆಲ್ಲ ಸುಳ್ಳಾಯಿತು. ಅವಳ ಕಬ್ಬಿಣದ ಮುದ್ರೆಯೂ ಹದಿನೈದು ದಿನದಿಂದ ಮನೆಯಿಂದ ಕಾಣೆಯಾಗಿತ್ತು.

ಇವತ್ತು ಹೊತ್ತು ಮುಳುಗಿ ಹುಳಗಳು ಗೂಡು ಸೇರಿದ ಕೂಡಲೇ ಗದಿಗೆಪ್ಪ ಪೆಟ್ಟಿಗೆಗಳ ಬಾಯಿ ಮುಚ್ಚಿ ಟೆಂಪೊದಲ್ಲಿ ಹೇರುವವನಿದ್ದ. ಬಿಜಾಪುರದ ಕಡೆಯವರಿಗೆ ಮಾರಿಯೂ ಆಗಿತ್ತು. ಆಮೇಲೆ ನೀಲಗಂಗವ್ವನ ಪಾಲಿಗೆ ಉಳಿಯುವುದು ಕಳ್ಳಿ ಎಂಬ ಹೆಸರು ಮಾತ್ರ.

ನಾನು ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವಳು. ಅಕ್ಷರಗಳನ್ನು ತಿರುವಿ ಓದುವುದೇ ನನ್ನ ಹೊಟ್ಟೆಪಾಡಾಗಿತ್ತು. ಆಫ್‌ಸೆಟ್ ಬಂದು ಮೊಳೆಗಳೆಲ್ಲ ಗುಜರಿಗೆ ಹೋದವು, ಕಣ್ಣಿನ ಅಭ್ಯಾಸ ಹೋಗಲಿಲ್ಲ. ಅದಕ್ಕೇ ‘ಗ ನೀ’ ನೋಡಿದಾಗಿನಿಂದ, ನೀಲಗಂಗವ್ವನ ‘ನೀ ಗ’ವೇ ಇಲ್ಲಿ ಹೇಗೋ ಅದಲುಬದಲಾಗಿದೆ ಅಂತ ತಲೆ ಕೊರೆಯುತ್ತಿತ್ತು.

“ಸಾಬ್ರ, ಆ ಹೆಣ್ಣಮಗಳನ್ನ ಕಳ್ಳಿ ಮಾಡಾಕತ್ತಾರ. ನಿಮಗ ಗೊತ್ತಿದ್ದದ್ದು ಹೊಟ್ಟ್ಯಾಗ ಇಟಗೊಂಡು ಕುಂದರತೀರೇನು?”

ಮೌಲಾಸಾಬರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು.

“ಮೂರು ವರ್ಷದ ಮಾತ್ರಿ. ನೀಲಗಂಗವ್ವ ಬಂದು, ಪೆಟಗಿಗೆ ಹೊಡಿಯಾಕ ಒಂದು ಶಿಕ್ಕಾ ಮಾಡಿಕೊಡ್ರಿ ಅಂದಳು. ಹಳೇ ಬಕೀಟಿನ ಬಾಯಿಪಟ್ಟಿ ಇತ್ತು. ಕಾಸಿ, ಇಕ್ಕಳದಾಗ ಹಿಡದು ಒಂದೊಂದ ಅಕ್ಷರ ತಿರುವಿ ಬಗ್ಗಿಸಿದೆ. ಸಲಾಕಿಗೆ ಹಚ್ಚುಮುಂದ ‘ಗ’ ಎಡಕ್ಕ, ‘ನೀ’ ಬಲಕ್ಕ ಹಚ್ಚಿದೆ. ಶಿಕ್ಕಾ ಅಂದ್ರ ಕನ್ನಡಿ ಇದ್ದಂಗ, ಹಂಗ ಹಚ್ಚಿದ್ರನ ಒತ್ತಿದಾಗ ‘ನೀ ಗ’ ಬರತೈತಿ.”

“ಹೌದು. ಬರೋಬ್ಬರಿ ಮಾಡೀರಿ.”

“ಬರೋಬ್ಬರಿ ಅಂತ ನಿಮಗ ಗೊತ್ತಾತು, ಅಕಿಗೆ ಗೊತ್ತಾಗಬೇಕಲ್ರಿ! ಅಂಗಡಿ ತುಂಬ ಮಂದಿ. ಅಷ್ಟೂ ಮಂದಿ ಮುಂದ ಅಂದಳು: ‘ಸಾಬ್ರ, ಇದು ನಿಮ್ಮ ಉರ್ದು ಅಲ್ರಿ ಬಲಕ್ಕಿಂದ ಓದಾಕ. ಕನ್ನಡ ಐತಿ. ಎಡಕ್ಕಿಂದ ಹಚ್ಚ್ರಿ.’ ಎಲ್ಲಾರೂ ನಕ್ಕರು. ಕಿತ್ತು ಅದಲುಬದಲು ಹಚ್ಚು ಅಂತ ಹೇಳಿ ಮೆಣಸಿನಕಾಯಿ ಪ್ಯಾಟಿಗೆ ಹೋದಳು.”

ಅಯ್ಯೋ ನೀಲಗಂಗವ್ವಾ! ತಪ್ಪು ಕಮ್ಮಾರನದಲ್ಲ, ಕಳ್ಳನದೂ ಅಲ್ಲ, ನಿನ್ನದೇ. ದಿನಾ ಬಲದಿಂದ ಓದುವ ಮನುಷ್ಯ ಸರಿಯಾಗಿ ಜೋಡಿಸಿಟ್ಟಿದ್ದನ್ನು, ನನಗೆ ಕನ್ನಡ ಬರುತ್ತದೆ ಎಂಬ ಜಂಬದಲ್ಲಿ ಕೆಡಿಸಿದವಳು ನೀನೇ.

“ಹೇಳಿದಂಗ ಮಾಡಿಕೊಟ್ಟೆ. ಆದ್ರ ಕೀಳೂಕಿಂತ ಮದ್ಲ ಒಂದು ಕೆಲಸ ಮಾಡೀನ್ರಿ,” ಮೌಲಾಸಾಬರು ದನಿ ತಗ್ಗಿಸಿದರು. “ಅಕಿ ನಮೂನೆ ಅಂತ ಒಂದು ಪೆಟಗಿ ಮುಚ್ಚಳ ತಂದಿಟ್ಟಿದ್ದಳು. ಶಿಕ್ಕಾ ಕೆಂಪಗ ಕಾಸಿ ಅದರ ಒಳಮಗ್ಗಲಿಗೆ ಒಮ್ಮೆ ಹೊಡದೆ. ‘ನೀ ಗ’. ಹೂವಿನಂಗ ಬಂತು. ಯಾರಿಗೂ ತೋರಿಸಲಿಲ್ಲ. ಮುಚ್ಚಳ ಬೋರಲ ಹಾಕಿ ಕೊಟ್ಟು ಕಳಿಸಿದೆ. ಒಂದಲ್ಲ ಒಂದಿನ ತಾನ ಎತ್ತಿ ನೋಡ್ಲಿ, ಸಾಬ ಖರೇ ಹೇಳಿದ್ದ ಅಂತ ಗೊತ್ತಾಗ್ಲಿ ಅಂತ.”

ನಾನು ಎದ್ದು ನಿಂತೆ. “ಟವೆಲ್ ಕೊಡವಿಕೊಂಡು ಏಳ್ರಿ ಸಾಬ್ರ. ಹಲಗೇರಿಗೆ ಹೋಗೂಣು.”

*

ಹೊಲ ಮುಟ್ಟಿದಾಗ ನಾಲ್ಕೂವರೆ. ಸೂರ್ಯಕಾಂತಿ ಕಾಳು ಕಟ್ಟಿ ತಲೆ ಬಾಗಿಸಿತ್ತು. ಬದುವಿನುದ್ದಕ್ಕೆ ಇಪ್ಪತ್ನಾಲ್ಕು ಪೆಟ್ಟಿಗೆಗಳು, ಪ್ರತಿಯೊಂದರ ಮುಂದೆ ಹುಳಗಳ ಓಡಾಟ. ಟೆಂಪೊ ಆಗಲೇ ಬಂದು ಬಂಡಿದಾರಿಗೆ ಅಡ್ಡ ನಿಂತಿತ್ತು. ಅದರಾಚೆ ಒಳಗಡೆ ಪೊಲೀಸ್ ಜೀಪು.

ನೀಲಗಂಗವ್ವ ಬೇವಿನ ಗಿಡದ ಬುಡದಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನನ್ನ ಹಿಂದೆ ಮೌಲಾಸಾಬರನ್ನು ಕಂಡದ್ದೇ ಮುಖ ತಿರುಗಿಸಿದಳು. ನನಗೆ ಸಿಟ್ಟು ಬಂತು, ಆದರೆ ಅದನ್ನು ಆಮೇಲೆ ನೋಡಿಕೊಳ್ಳೋಣ ಅಂತ ನುಂಗಿಕೊಂಡೆ.

“ಬರ್ರಿ ಅಕ್ಕಾರ, ಬರ್ರಿ,” ಗದಿಗೆಪ್ಪ ಮಗಳ ಮದುವೆಗೆ ಕರೆದವನಂತೆ ಕೈ ಮುಗಿದ. ಇಸ್ತ್ರಿ ಮಾಡಿದ ಅಂಗಿ, ಮೈಮೇಲೆ ಒಂದು ಸುಕ್ಕಿಲ್ಲ. “ಪ್ರೆಸ್ ಬಂದ್ ಆದಮ್ಯಾಗ ನಿಮಗೂ ಹೊತ್ತು ಹೋಗವಲ್ದು ಕಾಣತೈತಿ.”

“ನನ್ನ ಹೊತ್ತಿನ ಚಿಂತಿ ಬಿಡ್ರಿ ನೀರಲಗ್ಯಾರ. ನಿಮ್ಮ ಶಿಕ್ಕಾ ಎಲ್ಲೈತಿ, ತೋರಸ್ರಿ.”

ಅದಕ್ಕೇ ಕಾದವನಂತೆ ಅವನು ಬೈಕಿನ ಚೀಲದಿಂದ ಮೊಳದುದ್ದದ ಸಲಾಕೆ ತೆಗೆದ. ತುದಿಯಲ್ಲಿ ಎರಡು ಅಕ್ಷರ. ಫೌಜದಾರ ವಿಜಯಮಹಾಂತೇಶರು ಅದನ್ನು ಪೆಟ್ಟಿಗೆಯ ಗುರುತಿನ ಪಕ್ಕಕ್ಕೆ ಹಿಡಿದು ನೋಡಿ ತಲೆಯಾಡಿಸಿದರು.

“ಅಳತಿ ಕೂಡತೈತಿ ಅಕ್ಕಾವ್ರ. ಸಾಕ್ಷಿ ಇವರ ಕೈಯಾಗ ಐತಿ. ನಾ ಏನು ಮಾಡ್ಲಿ?”

“ಕಾಸಿ ಒಮ್ಮೆ ಹೊಡಿಸ್ರಿ ಸಾಹೇಬ್ರ. ಹೊಡದ ಮ್ಯಾಲ ಮಾತಾಡೂಣು.”

ಟೆಂಪೊದವರು ಚಹಾ ಕಾಸಲು ಹೂಡಿದ್ದ ಮೂರು ಕಲ್ಲಿನ ಒಲೆಯಿತ್ತು. ಸಲಾಕೆಯನ್ನು ಅದರಲ್ಲಿ ಕೆಂಪಗೆ ಕಾಸಿದರು. ಗದಿಗೆಪ್ಪ ಒಂದು ಹಲಗೆಯ ಮೇಲೆ ಅದನ್ನು ಒತ್ತಿ ಹಿಡಿದ. ಹೊಗೆ ಎದ್ದಿತು. ತೆಗೆದಾಗ ‘ಗ ನೀ’ ಸ್ಪಷ್ಟವಾಗಿತ್ತು.

“ಆತಲ್ರಿ?” ಅಂದ.

“ಎಲ್ಲಿ ಆತು? ಸಾಹೇಬ್ರ, ‘ನೀ’ ಮ್ಯಾಲಿನ ಗುಡಿಸು ನೋಡ್ರಿ.”

ಅಕ್ಷರದ ನೆತ್ತಿಯ ಮೇಲಿನ ಸುಳಿಯೇ ಗುಡಿಸು. ಗದಿಗೆಪ್ಪನ ಹಲಗೆಯಲ್ಲಿ ಆ ಸುಳಿ ಪೂರ್ತಿ ಕರಕಾಗಿ ಕಪ್ಪು ಬೊಟ್ಟಾಗಿತ್ತು. ಪೆಟ್ಟಿಗೆಗಳ ಮೇಲಿನ ಸುಳಿಯಲ್ಲಿ ಒಳಗಿನ ಮರ ಹಾಗೇ ಉಳಿದಿತ್ತು. ಬಲಪಕ್ಕದಲ್ಲಿ ಎಳ್ಳಷ್ಟು ಸಂದೂ ಇತ್ತು. ಒಂದೆರಡರಲ್ಲಿ ಅಲ್ಲ, ಇಪ್ಪತ್ನಾಲ್ಕರಲ್ಲೂ.

ಮೌಲಾಸಾಬರು ಮುಂದೆ ಬಂದರು. “ಸುಳಿ ಪೂರಾ ಮುಚ್ಚಿದ್ರ ಕಾವು ಒಳಗ ಸಿಕ್ಕೊಂಡು ಮರ ಸುಡತೈತ್ರಿ ಸಾಹೇಬ್ರ. ಅದಕ್ಕ ನಾ ಯಾವಾಗಲೂ ಅಲ್ಲೊಂದು ಸಂದು ಬಿಡತೇನಿ. ಈ ಶಿಕ್ಕಾ ಮಾಡಿದಾಂವಗ ಅದು ಗೊತ್ತಿಲ್ಲ. ಗುರುತು ನೋಡಿ ನಕಲು ಹೊಡದಾನ, ಕಸಬು ಗೊತ್ತಿಲ್ಲ.”

“ಹಳೇದು ಮುರಿದಿತ್ತು, ಹೊಸದು ಮಾಡಿಸೇನಿ,” ಗದಿಗೆಪ್ಪ ತಡವರಿಸದೆ ಹೇಳಿದ. “ಅದೇನು ಅಪರಾಧ ಏನ್ರಿ?”

“ಮುರಿದ ಹಳೇದು ಎಲ್ಲೈತಿ?”

“ಗುಜರಿಗೆ ಹಾಕಿದೆ. ನಿಮ್ಮ ಪ್ರೆಸ್ಸಿನ ಮೊಳಿ ಹಾಕಿದ್ರಲ್ಲ, ಹಂಗ.”

ಕೆನ್ನೆಗೆ ಬಾರಿಸಬೇಕು ಅನಿಸಿತು. ನಿಜವಾಗಿ ಅನಿಸಿತು. ಫೌಜದಾರರು ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ.

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಕೆಟ್ಟ ಮನುಷ್ಯರಲ್ಲ, ಕಾಗದ ಬಿಟ್ಟು ಬೇರೇನನ್ನೂ ನಂಬುವುದಿಲ್ಲ ಅಷ್ಟೇ. “ಈ ಶಿಕ್ಕಾದಿಂದ ಹೊಡದದ್ದಲ್ಲ ಅನ್ನೂದು ಖರೇ ಇರಬಹುದು. ಆದ್ರ ಪೆಟಗಿ ಅಕಿವು ಅಂತ ಇದರಿಂದ ಹೆಂಗ ಆಗತೈತಿ? ಅಕಿ ಹೆಸರು ನೀಲಗಂಗವ್ವ. ಮ್ಯಾಲ ಇರೂದು ‘ಗ ನೀ’. ಸಣ್ಣ ಹುಡುಗರೂ ಓದತಾವು.”

“ಅದರ ಜವಾಬೂ ಇಲ್ಲೇ ಐತ್ರಿ,” ಅಂದೆ ನಾನು. “ಇವುಗಳೊಳಗ ಒಂದು ಪೆಟಗಿ ಮುಚ್ಚಳದ ಒಳಮಗ್ಗಲಿಗೆ, ಇದ ಅಕ್ಷರ, ಇದ ಸಂದು ಇಟಗೊಂಡು, ‘ನೀ ಗ’ ಅಂತ ಐತಿ. ಅದಲುಬದಲು ಆಗೂಕಿಂತ ಮದ್ಲ ಹೊಡದದ್ದು. ಗದಿಗೆಪ್ಪಗ ‘ನೀ ಗ’ ಅನ್ನೂ ಹೆಸರು ಹೆಂಗ ಬಂತು ಕೇಳ್ರಿ ಆವಾಗ!”

ಗದಿಗೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಮೊದಲ ಸಲ ಅವನ ಮುಖದಲ್ಲಿ ನಗು ಇರಲಿಲ್ಲ. ಆ ಖುಷಿಗೆ ನಾನು ನೀಲಗಂಗವ್ವನ ಕಡೆ ನೋಡಲೇ ಇಲ್ಲ. ನೋಡಬೇಕಿತ್ತು.

ಮೌಲಾಸಾಬರು ತೆಂಗಿನ ನಾರಿಗೆ ಬೆಂಕಿ ತಾಗಿಸಿ ಹೊಗೆ ಹಿಡಿದರು. ನಾನು ಮುಖಕ್ಕೆ ಸೆರಗು ಸುತ್ತಿಕೊಂಡು ಒಂದೊಂದೇ ಮುಚ್ಚಳ ಎತ್ತಿದೆ. ಫೌಜದಾರರು ಹತ್ತು ಹೆಜ್ಜೆ ದೂರ ನಿಂತು ಎಣಿಸಿದರು.

ಒಂದು. ಮೇಣ, ಅಂಟು, ಬೇರೇನೂ ಇಲ್ಲ. ಎರಡು. ಇಲ್ಲ. ಐದನೆಯದಕ್ಕೆ ಮಣಿಕಟ್ಟಿಗೆ ಹುಳ ಕಚ್ಚಿತು. ಹನ್ನೊಂದನೆಯದರಲ್ಲಿ ಕಪ್ಪಗೆ ಏನೋ ಕಂಡು ಬಗ್ಗಿ ಒರೆಸಿ ನೋಡಿದೆ, ಅದು ಮರದ ಗಂಟು. ಇಪ್ಪತ್ತು. ಇಪ್ಪತ್ತೊಂದು.

ಇಪ್ಪತ್ನಾಲ್ಕನೆಯ ಮುಚ್ಚಳವೂ ಬರಿದು.

“ಆತೇನ್ರಿ ಜಾದೂ?” ಗದಿಗೆಪ್ಪನ ನಗು ವಾಪಸು ಬಂದಿತ್ತು. “ಸಾಹೇಬ್ರ, ಹೊತ್ತು ಮುಳಗಾಕ ಬಂತು. ಹೇರಸಲೇನು?”

“ನೀನ ತಗದಿ!” ನಾನು ಕೂಗಿಯೇಬಿಟ್ಟೆ. ಬಹುವಚನ ಎಲ್ಲಿ ಹಾರಿಹೋಯಿತೋ. “ಅಕಿ ಶಿಕ್ಕಾ ಕದ್ದಾಂವನೂ ನೀನ, ಸಾಬ್ರ ಕೈಕೆಲಸ ಗುರುತು ಸಿಗತೈತಿ ಅಂತ ನಕಲು ಮಾಡಿಸಿದಾಂವನೂ ನೀನ, ಮುಚ್ಚಳ ಬದಲ ಮಾಡಿದಾಂವನೂ ನೀನ! ಎಲ್ಲಿ ಹಾಕೀದಿ ಹೇಳು!”

“ಅಕ್ಕಾವ್ರ, ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ,” ಫೌಜದಾರರ ದನಿ ಬಿಗಿಯಾಯಿತು.

“ಯಾವ ಮುಚ್ಚಳ? ನೀವು ಹೇಳೂತನಕ ನನಗ ಅದು ಇದ್ದದ್ದ ಗೊತ್ತಿಲ್ಲ!” ಗದಿಗೆಪ್ಪ ಕೆರಳಿದ. ಕರ್ಮ ನೋಡಿ, ಅವನು ಆವತ್ತು ಆಡಿದ ಮಾತುಗಳಲ್ಲಿ ಅದೊಂದೇ ಸತ್ಯ.

“ಅವರು ತಗದಿಲ್ರಿ ಅಕ್ಕಾರ.”

ಬೇವಿನ ಬುಡದಿಂದ ನೀಲಗಂಗವ್ವ ಎದ್ದು ನಿಂತಿದ್ದಳು. “ನಾನ ತಗದೇನ್ರಿ.”

ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ನೋಡುತ್ತಿದ್ದದ್ದು ಮೌಲಾಸಾಬರನ್ನು ಮಾತ್ರ.

“ಮದಲನೇ ಸಲ ಜೇನತುಪ್ಪ ತಗಿಯಾಕ ಅಂತ ಮುಚ್ಚಳ ಎತ್ತಿದೆ. ಒಳಗ ‘ನೀ ಗ’ ಕಾಣ್ತು. ಆವಾಗ ತಿಳೀತ್ರಿ ಸಾಬ್ರ, ನೀವು ಹಚ್ಚಿದ್ದ ಖರೇ ಇತ್ತು, ನನ್ನದ ತಪ್ಪು ಅಂತ. ಅಷ್ಟ ಮಂದಿ ಮುಂದ ನಿಮ್ಮನ್ನ ಆಡಿಕೊಂಡು ನಗಿಸಿದ್ದೆ. ಯಾವ ಮಾರಿ ಹೊತ್ತು ಬಂದು ಹೇಳಲಿ? ಬಡಿಗ್ಯಾರ ಕಡೆ ಬ್ಯಾರೆ ಮುಚ್ಚಳ ಮಾಡಿಸಿ ಹಾಕಿದೆ. ‘ಗ’ ಅಂದ್ರ ಏನವ್ವಾ ಅಂತ ಕೇಳಿದಾವ್ರಿಗೆಲ್ಲ ಮನಿಯವರ ಹೆಸರು ಅಂದೆ. ಮೂರು ವರ್ಷ ಅಂದದ್ದು ಠಾಣೇದಾಗೂ ಬಾಯಿಗೆ ಬಂತು.”

ನಾಚಿಕೆ! ಬರೀ ನಾಚಿಕೆಗೆ ಇಪ್ಪತ್ನಾಲ್ಕು ಪೆಟ್ಟಿಗೆ ಕಳೆದುಕೊಂಡು, ಕಳ್ಳಿ ಅನ್ನಿಸಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು ಈ ಹೆಂಗಸು. ಬೈಯಬೇಕು ಅಂತ ಬಾಯಿ ತೆರೆದೆ. ಮೌಲಾಸಾಬರು ಕೈ ಅಡ್ಡ ಹಿಡಿದರು.

“ಇರ್ಲಿ ಬಿಡವ್ವಾ,” ಅಂದರು ಮೆತ್ತಗೆ. “ತಪ್ಪು ನಂದೂ ಐತಿ. ಆವತ್ತ ತೋರಿಸಿದ್ರ ಇಷ್ಟು ಆಗತಿದ್ದಿಲ್ಲ. ನಾನೂ ಸಿಟ್ಟು ಹಿಡಕೊಂಡು ಕುಂತೆ. ಈಗ ಹೇಳು, ಆ ಮುಚ್ಚಳ ಸುಟ್ಟೇನು?”

“ಅಕ್ಷರ ಇದ್ದದ್ದನ್ನ ಒಲಿಗೆ ಹಾಕಾಕ ಬರತೈತೇನ್ರಿ? ಅದೂ ನನ್ನ ಹೆಸರಿಂದು! ಕೈ ಬರಲಿಲ್ಲ.”

“ಹಂಗಾರ ಎಲ್ಲೈತಿ?” ನಾನೂ ಫೌಜದಾರರೂ ಒಟ್ಟಿಗೇ ಕೇಳಿದೆವು.

ನೀಲಗಂಗವ್ವ ಮೊದಲ ಸಲ ಗದಿಗೆಪ್ಪನನ್ನು ನೇರ ನೋಡಿದಳು.

“ಇವರ ಮನ್ಯಾಗ. ಆವಾಗ ಚಲೋ ಇದ್ವಿ. ಇವರ ಹೆಣ್ತಿ ಸುರೇಖಾ ಕೆಮ್ಮಿಗೆ ಅಂತ ತುಪ್ಪ ಒಯ್ಯಾಕ ಬಂದಿದ್ದಳು. ಹಿಟ್ಟಿನ ಡಬ್ಬಿಗೆ ಮುಚ್ಚಳ ಇಲ್ಲ, ಇಲಿ ಕಾಟ ಅಂದಳು. ಇದನ್ನ ಒಯ್ಯಿ ತಂಗಿ, ಅಕ್ಷರದ ಕಡೆ ಒಳಗ ಮಾಡಿ ಮುಚ್ಚು ಅಂತ ಕೊಟ್ಟೆ.”

ಅವಳ ಮಾತು ಮುಗಿಯುವುದರೊಳಗೆ ನನಗೆ ಹೊಳೆಯಿತು, ಈ ಮಾತು ಈ ಬಯಲಿನಲ್ಲಿ ಆಡುವುದಾಗಿರಲಿಲ್ಲ. ನನ್ನ ಕಿವಿಯಲ್ಲಿ ಆಡಬೇಕಿತ್ತು. ತಡವಾಗಿತ್ತು. ಗದಿಗೆಪ್ಪನ ಕೈಯಿಂದ ಸಲಾಕೆ ನೆಲಕ್ಕೆ ಬಿತ್ತು, ಬೈಕು ಗುರ್ರೆಂದಿತು.

“ಏ ನೀರಲಗಿ! ನಿಂದರೋ!” ಫೌಜದಾರರು ಓಡಿದರು.

ಬೈಕು ಟೆಂಪೊದ ಮಗ್ಗುಲಿನ ಒಂದು ಮೊಳದ ಸಂದಿಯಲ್ಲಿ ತೂರಿ ಬಂಡಿದಾರಿಗೆ ಇಳಿಯಿತು. ಜೀಪು ಟೆಂಪೊದ ಈಚೆ ಸಿಕ್ಕಿಹಾಕಿಕೊಂಡಿತ್ತು. ಟೆಂಪೊದ ಡ್ರೈವರ್ ಚಂಬು ತೆಗೆದುಕೊಂಡು ಹೊಲದಾಚೆ ಹೋಗಿದ್ದ, ಕೀಲಿ ಅವನ ಕಿಸೆಯಲ್ಲಿ. ಹಲಗೇರಿಯ ಗದಿಗೆಪ್ಪನ ಮನೆಗೆ ಐದು ನಿಮಿಷದ ದಾರಿ.

“ಫೋನು!” ನಾನು ಕಿರುಚಿದೆ. “ಫಿರ್ಯಾದಿ ಒಳಗ ಅವನ ಮನಿ ನಂಬರ್ ಇಲ್ಲೇನ್ರಿ?”

ಫೌಜದಾರರು ಕಾಗದ ಬಿಚ್ಚಿ, ತಮ್ಮ ಮೊಬೈಲಿನಲ್ಲಿ ಗುಂಡಿ ಒತ್ತಿ ನನ್ನ ಕೈಗೇ ಕೊಟ್ಟರು. “ನೀವ ಮಾತಾಡ್ರಿ. ನನ್ನ ದನಿ ಕೇಳಿದ್ರ ಹೆದರತಾಳ.”

ಆರು ಸಲ ರಿಂಗಾಯಿತು. ಆಮೇಲೆ ಒಂದು ತೆಳ್ಳನೆಯ ದನಿ. “ಹಲೋ, ಯಾರ್ರಿ?”

“ಸುರೇಖಾ, ನಾನವ್ವಾ, ಪ್ರೆಸ್ಸಿನ ಪುಷ್ಪಲತಾ. ನಿನ್ನ ಹಿಟ್ಟಿನ ಡಬ್ಬಿ ಮ್ಯಾಲ ಒಂದು ಹಲಗಿ ಮುಚ್ಚಳ ಐತೇನು? ನೀಲಗಂಗವ್ವ ಕೊಟ್ಟದ್ದು?”

“ಐತ್ರಿ. ದಿನಾ ರೊಟ್ಟಿಗೆ ಹಿಟ್ಟು ತಗಿಯೂಮುಂದ ಕಣ್ಣಿಗೆ ಬೀಳತೈತಿ. ‘ನೀ ಗ’. ಈ ಹದಿನೈದು ದಿನ ಅಂತೂ ಅದನ್ನ ನೋಡಿ ನನಗ ರೊಟ್ಟಿ ಗಂಟಲದಾಗ ಇಳಿವಲ್ದು.”

ಅಂದರೆ ಇವಳಿಗೆ ಗೊತ್ತಿತ್ತು. ಎಲ್ಲ ಗೊತ್ತಿತ್ತು.

“ತಂಗಿ, ಅದನ್ನ ತಗೊಂಡು ಬಾಜೂ ಮನಿಗೆ ಹೋಗು. ಲಗೂ ಹೋಗು. ನಾವು ಬರೂತನಕ ಯಾರಿಗೂ ಕೊಡಬ್ಯಾಡ.”

“ಅಕ್ಕಾರ, ಒಂದು ಖರೇ ಹೇಳ್ರಿ. ಅದು ನಿಮ್ಮ ಕೈಗೆ ಬಂದ್ರ ನಮ್ಮ ಮನಿಯವರಿಗೆ ಏನಾಗತೈತಿ?”

ಫೌಜದಾರರು ‘ಏನೂ ಆಗಂಗಿಲ್ಲ ಅನ್ರಿ’ ಎಂದು ಕೈಸನ್ನೆ ಮಾಡಿದರು. ಸುಲಭದ ಸುಳ್ಳು. ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಿತ್ತು. ಎದುರಿಗೆ ನೀಲಗಂಗವ್ವ ನಿಂತಿದ್ದಳು, ಒಂದು ಸಣ್ಣ ಸುಳ್ಳಿನಿಂದ ಇಷ್ಟೆಲ್ಲ ಅನುಭವಿಸಿದವಳು. ನನ್ನ ನಾಲಿಗೆ ಹೊರಳಲಿಲ್ಲ.

“ಕೇಸು ಅವರ ಮ್ಯಾಲ ತಿರುಗತೈತವ್ವಾ,” ಅಂದೆ. “ಸುಳ್ಳು ಫಿರ್ಯಾದಿ ಕೊಟ್ಟಿದ್ದಕ್ಕ ಕೋರ್ಟಿನಾಗ ನಿಂದರಬೇಕಾಗತೈತಿ.”

ಅವಳು ಏನೋ ಹೇಳಲು ಹೋದಳು. ಅಷ್ಟರಲ್ಲಿ ಫೋನಿನೊಳಗೇ ಬೈಕು ಬಂದು ನಿಂತ ಸದ್ದು, ಬಾಗಿಲು ಬಡಿದ ಸದ್ದು, ಗದಿಗೆಪ್ಪನ ಕೂಗು. “ಸುರೇಖಾ! ಹಿಟ್ಟಿನ ಡಬ್ಬಿ ಎಲ್ಲೈತಿ?”

ಅವಳು ಫೋನು ಇಡಲಿಲ್ಲ. ರಿಸೀವರನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಹೆಜ್ಜೆಗಳು ಒಳಗೆ ಹೋದವು. ಡಬ್ಬಿಯ ಮೇಲಿನಿಂದ ಯಾರೋ ಹಲಗೆ ಎತ್ತಿದ್ದು ನನಗೆ ಇಲ್ಲಿ, ಹೊಲದ ನಡುವೆ, ಕೇಳಿಸಿತು. ಎತ್ತಿದವರು ಇಬ್ಬರಲ್ಲಿ ಯಾರು ಎಂಬುದು ಮಾತ್ರ ಗೊತ್ತಾಗಲಿಲ್ಲ.